ಕರ್ನಲ್ 6.10ರ ನಂತರ ಟಿಪಿಎಂ 2.0 ಗಣಕ ನಿಧಾನವಾಗಿದೆ, ಹಳೆಯ ಟಿಪಿಎಂ 1.2 ಗಣಕ ಮೊದಲಿನಂತೆಯೇ ಇದೆ: ವೇಬ್ರಿಡ್ಜ್ ಗಣಕಗಳ ಸಮಸ್ಯೆ

ಪ್ರಶ್ನೆ (ಮುಧೋಳದಿಂದ):

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಎರಡು ವೇಬ್ರಿಡ್ಜ್‌ಗಳಲ್ಲಿರುವ ಲಿನಕ್ಸ್ ಗಣಕಗಳನ್ನು ನಾನು ನೋಡಿಕೊಳ್ಳುತ್ತೇನೆ. ತೂಕದ ತಂತ್ರಾಂಶವನ್ನು ಯಾರೂ ತಿದ್ದಿಲ್ಲವೆಂದು ಕಬ್ಬು ತಂದ ರೈತರಿಗೆ ತೋರಿಸಿಕೊಡುವಂತಿರಬೇಕು ಎಂಬ ಕಾರಣಕ್ಕೆ ಎರಡರಲ್ಲೂ ಐಎಂಎ (ಕಡತಗಳನ್ನು ಅಳೆದು ದಾಖಲಿಸುವ ಲಿನಕ್ಸ್ ವ್ಯವಸ್ಥೆ) ಚಾಲನೆಯಲ್ಲಿದೆ. ಅದು ಅಳೆಯುವ ಪ್ರತಿ ಕಡತದ ಹ್ಯಾಶ್ (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು) ಟಿಪಿಎಂ ಎಂಬ ಭದ್ರತಾ ಚಿಪ್‌ನ 10ನೇ ಪಿಸಿಆರ್‌ಗೆ, ಅಂದರೆ ಅಳತೆಗಳನ್ನು ಕೂಡಿಸಿಡುವ ರಿಜಿಸ್ಟರಿಗೆ, ಸೇರುತ್ತದೆ. ಯಾವ ಕಡತಗಳನ್ನು ಅಳೆಯಬೇಕೆಂಬ ನಿಯಮವಾಗಿ, ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳು ತಂತ್ರಾಂಶ) ಬರುವ ಟಿಸಿಬಿ ಎಂಬ ಸಿದ್ಧ ನಿಯಮವನ್ನು ಬಳಸಿದ್ದೇನೆ.

ಕರ್ನಲ್ 6.1ರಿಂದ ನಾನೇ ಕಂಪೈಲ್ ಮಾಡಿದ 6.10ಕ್ಕೆ ಬಂದ ಮೇಲೆ, ಒಂದು ನಿಮಿಷದೊಳಗೆ ಏಳುತ್ತಿದ್ದ ಹೊಸ ಗಣಕ, ಅಂದರೆ ಟಿಪಿಎಂ 2.0 ಇರುವುದು, ಈಗ ಸುಮಾರು ಮೂರು ನಿಮಿಷ ತೆಗೆದುಕೊಳ್ಳುತ್ತಿದೆ. ಟಿಪಿಎಂ 1.2 ಇರುವ ಹಳೆಯ ಗಣಕದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಂಗಾಮಿನಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ರಾತ್ರಿಯಿಡೀ ಸಾಲಿನಲ್ಲಿ ನಿಂತ ಟ್ರ್ಯಾಕ್ಟರ್‌ಗಳವರು ಇನ್ನಷ್ಟು ಕಾಯಬೇಕಾಗುತ್ತದೆ. ತೂಕದ ಚೀಟಿ ಮುದ್ರಣವೂ ತಡವಾಗುತ್ತಿದೆ. ಹೊಸ ಚಿಪ್‌ನ ಚಾಲಕವನ್ನೇ (ಡ್ರೈವರ್ ತಂತ್ರಾಂಶ) ತೆಗೆದುಬಿಡುವುದು ಸರಿಯೇ?

ಉತ್ತರ (ಬೆಳಗಾವಿಯಿಂದ):

ಚಾಲಕವನ್ನು ತೆಗೆಯಬೇಡಿ ಸರ್. 6.10ರಲ್ಲಿ ಟಿಪಿಎಂ 2.0 ಚಾಲಕಕ್ಕೆ ಎಚ್‌ಮ್ಯಾಕ್ ಸೆಷನ್ ಎಂಬ ರಕ್ಷಣೆ ಸೇರಿತು ಮತ್ತು 64 ಬಿಟ್ ಎಕ್ಸ್86 ಗಣಕಗಳಲ್ಲಿ ಅದು ತಾನಾಗಿಯೇ ಸಕ್ರಿಯವಾಯಿತು. ಪ್ರೊಸೆಸರಿಗೂ ಬಿಡಿ ಟಿಪಿಎಂ ಚಿಪ್‌ಗೂ ನಡುವಿನ ಎಲ್‌ಪಿಸಿ ಅಥವಾ ಎಸ್‌ಪಿಐ ತಂತಿಗಳ ಮೇಲೆ ಯಾರಾದರೂ ಉಪಕರಣ ಕೂರಿಸಿ ಸಂದೇಶಗಳನ್ನು ತಿದ್ದಿದರೆ ಅದನ್ನು ಕಂಡುಹಿಡಿಯುವುದು ಇದರ ಉದ್ದೇಶ. ಆದರೆ 6.10ರಲ್ಲಿ ಪಿಸಿಆರ್‌ಗೆ ಒಂದು ಹ್ಯಾಶ್ ಸೇರಿಸಬೇಕಾದಾಗಲೆಲ್ಲ ಕರ್ನಲ್ ತನ್ನ ಕೀಲಿಯನ್ನು ಚಿಪ್‌ಗೆ ಏರಿಸಿ, ಹೊಸ ಸೆಷನ್ ತೆರೆದು, ಕೆಲಸ ಮುಗಿದ ಕೂಡಲೇ ಎರಡನ್ನೂ ಇಳಿಸುತ್ತದೆ. ಸೆಷನ್ ತೆರೆಯುವಾಗ ಚಿಪ್ ಎಲಿಪ್ಟಿಕ್ ಕರ್ವ್ ಎಂಬ ಗೂಢಲಿಪಿ ಲೆಕ್ಕವೊಂದನ್ನು ಮಾಡಬೇಕಾಗುತ್ತದೆ, ಮತ್ತು ಈ ಪುಟ್ಟ ಚಿಪ್‌ಗಳಿಗೆ ಅದು ಭಾರವಾದ ಕೆಲಸ. ಐಎಂಎ ಎಷ್ಟು ಬಾರಿ ಅಳೆದಿದೆ ಎಂಬುದನ್ನು ಸೆಕ್ಯುರಿಟಿಎಫ್‌ಎಸ್ (ಕರ್ನಲ್ ತನ್ನ ಭದ್ರತಾ ಮಾಹಿತಿ ತೋರಿಸುವ ಕಡತ ವ್ಯವಸ್ಥೆ) ಒಳಗಿನ ಐಎಂಎ ಕೋಶದಲ್ಲಿರುವ 'ರನ್‌ಟೈಮ್ ಮೆಷರ್‌ಮೆಂಟ್ಸ್ ಕೌಂಟ್' ಕಡತದಲ್ಲಿ ನೋಡಿ ತಿಳಿಸಿ.

ಹಳೆಯ ಗಣಕ ವೇಗವಾಗಿರುವುದನ್ನು ನೋಡಿ ಅದೇ ಗಟ್ಟಿಯೆಂದು ದಯವಿಟ್ಟು ಭಾವಿಸಬೇಡಿ. ಈ ರಕ್ಷಣೆ ಟಿಪಿಎಂ 1.2 ಚಿಪ್‌ಗೆ ಅನ್ವಯಿಸುವುದೇ ಇಲ್ಲವಾದ್ದರಿಂದ ಅದಕ್ಕೆ ಹೊಸ ಹೊರೆಯೂ ಬಿದ್ದಿಲ್ಲ. ಅದರ ಪಿಸಿಆರ್‌ಗಳು ಇಂದಿಗೂ ಎಸ್‌ಎಚ್‌ಎ-1 ಎಂಬ ಹಳೆಯ, ದುರ್ಬಲ ಹ್ಯಾಶ್ ವಿಧಾನದ ಮೇಲೆಯೇ ನಿಂತಿವೆ.

ಪ್ರಶ್ನೆ ಕೇಳಿದವರು:

ಎಣಿಕೆ ಸುಮಾರು 2,400 ಇದೆ ಸರ್. ಪಿಸಿಆರ್‌ಗೆ ಮಾತ್ರ ಈ ರಕ್ಷಣೆಯನ್ನು ಬಿಡಿಸುವ 'ಟಿಪಿಎಂ.ಡಿಸೇಬಲ್_ಪಿಸಿಆರ್_ಇಂಟೆಗ್ರಿಟಿ' ಎಂಬ ಬೂಟ್ ಆಯ್ಕೆ ಈಗಿನ ಕರ್ನಲ್‌ಗಳಲ್ಲಿದೆ ಎಂದು ಓದಿದೆ. ಕರ್ನಲ್ ಬದಲಿಸಿ ಅದನ್ನು ಹಾಕಿದರೆ ಸಾಕಲ್ಲವೇ?

ಉತ್ತರ (ಬೆಳಗಾವಿಯಿಂದ):

ವೇಗ ಮರಳುತ್ತದೆ, ಆದರೆ ತಮ್ಮ ಕ್ಯಾಬಿನ್‌ಗೆ ಅದು ತಕ್ಕುದಲ್ಲ. ಆ ಆಯ್ಕೆಯ ವಿವರಣೆಯಲ್ಲೇ, ಗಣಕವಿರುವ ಜಾಗಕ್ಕೆ ಬೇರೆ ರೀತಿಯ ಕಾವಲಿರುವಾಗ ಇದನ್ನು ಪರಿಗಣಿಸಿ ಎಂದಿದೆ. ಬೀಗ ಹಾಕಿದ ಸರ್ವರ್ ಕೋಣೆಯಾಗಿದ್ದರೆ ನಾನೇ ಹಾಕಿಕೊಳ್ಳಿ ಎನ್ನುತ್ತಿದ್ದೆ. ರಸ್ತೆ ಬದಿಯ ವೇಬ್ರಿಡ್ಜ್ ಕ್ಯಾಬಿನ್ ಎಂದರೆ ಹತ್ತಾರು ಜನ ಬಂದು ಹೋಗುವ ಜಾಗ, ಮತ್ತು ಒಂದು ಟನ್ನಿನ ವ್ಯತ್ಯಾಸಕ್ಕೂ ಅಲ್ಲಿ ಬೆಲೆಯಿದೆ. ಚಿಪ್‌ನ ಕಾಲುಗಳಿಗೆ ತಂತಿ ಬೆಸೆದು, ಅದನ್ನು ಮಾತ್ರ ರೀಸೆಟ್ ಮಾಡಿ, ಪಿಸಿಆರ್‌ಗಳಿಗೆ ಸುಳ್ಳು ಲೆಕ್ಕ ತುಂಬುವ ದಾಳಿಯ ಭಯ ಇರುವುದು ಇಂಥ ಕಡೆಯೇ. ಕರ್ನಲ್ ಬಳಸುವ ಕೀಲಿ ಚಿಪ್‌ನ ಪ್ರತಿ ರೀಸೆಟ್‌ನಲ್ಲೂ ಬದಲಾಗುವ ಬೀಜದಿಂದ (ಮೂಲ ಗುಪ್ತಸಂಖ್ಯೆ) ಹುಟ್ಟುವುದರಿಂದ, ಗಣಕ ನಡೆಯುತ್ತಿರುವಾಗಲೇ ಹೀಗೆ ಮಾಡಿದರೆ ಕರ್ನಲ್‌ಗೆ ಗೊತ್ತಾಗುತ್ತದೆ.

ಮೊದಲು 6.12ಕ್ಕೆ ಹೋಗಿ. ಅದರಲ್ಲಿ ಸೆಷನ್ ಅನ್ನು ಪ್ರತಿ ಸಲ ಮುಚ್ಚದೆ, ಬೇರೆ ಪ್ರೋಗ್ರಾಂ ಟಿಪಿಎಂ ಸಾಧನವನ್ನು ತೆರೆಯುವವರೆಗೆ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಮುಂದೆ ಗಮನವಿರಲಿ: 6.18ರಿಂದ ಈ ರಕ್ಷಣೆ ತಾನಾಗಿ ಸಕ್ರಿಯವಾಗುವುದಿಲ್ಲ. ನಿಧಾನಗತಿಯ ದೂರುಗಳು ಅಷ್ಟಿದ್ದುದರಿಂದ ಆ ತೀರ್ಮಾನ ನನಗೆ ಒಪ್ಪಿಗೆಯೇ, ಆದರೆ ತಾವು ಕಂಪೈಲ್ ಮಾಡುವಾಗ ಕೈಯಾರೆ ಆರಿಸಿಕೊಳ್ಳಬೇಕಾಗುತ್ತದೆ.

ಉತ್ತರ (ವಿಜಯಪುರದಿಂದ):

ಚೀಟಿ ತಡವಾಗುವುದಕ್ಕೆ ಕಾರಣ ಬೇರೆ ಇರಬಹುದು. ತೂಕದ ತಂತ್ರಾಂಶ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನ ಹೆಸರಿನಲ್ಲಿ, ನಡೆಯುತ್ತಿದೆಯೇ? ಟಿಸಿಬಿ ನಿಯಮವು ಚಲಾಯಿಸುವ ಕಡತಗಳನ್ನಷ್ಟೇ ಅಲ್ಲದೆ, ರೂಟ್ ಓದಲು ತೆರೆಯುವ ಕಡತಗಳನ್ನೂ ಅಳೆಯುತ್ತದೆ. ಪ್ರತಿ ಚೀಟಿಯೂ ಹೊಸ ಕಡತವಾಗಿದ್ದರೆ ಪ್ರತಿ ಟ್ರ್ಯಾಕ್ಟರಿಗೂ ಚಿಪ್‌ಗೆ ಒಂದು ಕೆಲಸ ಹೆಚ್ಚುತ್ತದೆ, ಮತ್ತು ಆ ಅಳತೆಯಿಂದ ತಂತ್ರಾಂಶದ ನಂಬಿಕೆಗೆ ಏನೂ ಕೂಡುವುದಿಲ್ಲ. ತಂತ್ರಾಂಶವನ್ನು ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಸಿ. ಜೊತೆಗೆ ಚಲಾಯಿಸುವ ಕಡತಗಳು, ಲೈಬ್ರರಿಗಳು ಮತ್ತು ಕರ್ನಲ್ ಮಾಡ್ಯೂಲ್‌ಗಳಿಗೆ ಸೀಮಿತವಾದ ಸ್ವಂತ ನಿಯಮವನ್ನು ಇಟಿಸಿ ಕೋಶದೊಳಗಿನ ಐಎಂಎ ಕೋಶದ 'ಐಎಂಎ-ಪಾಲಿಸಿ' ಕಡತದಲ್ಲಿ ಬರೆದಿಟ್ಟರೆ, ಐಎಂಎ ಬೆಂಬಲವಿರುವ ಸಿಸ್ಟಂಡಿ (ಗಣಕ ಏಳುವಾಗ ಸೇವೆಗಳನ್ನು ಶುರುಮಾಡುವ ತಂತ್ರಾಂಶ) ಬೂಟ್‌ನ ಆರಂಭದಲ್ಲೇ ಅದನ್ನು ಟಿಸಿಬಿಯ ಜಾಗಕ್ಕೆ ತರುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂತ್ರಾಂಶ ರೂಟ್ ಆಗಿಯೇ ನಡೆಯುತ್ತಿತ್ತು. ಸೀರಿಯಲ್ ಪೋರ್ಟ್ ಓದಲು ಅನುಮತಿ ಸಾಲದೆ ಹಿಂದೆ ಯಾರೋ ಹಾಗೆ ಮಾಡಿಟ್ಟಿದ್ದರು, ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿದ ಮೇಲೆ ಆ ಅಗತ್ಯ ಉಳಿಯಲಿಲ್ಲ. 6.12ರಲ್ಲಿ ಎಚ್‌ಮ್ಯಾಕ್ ಹಾಗೆಯೇ ಇದ್ದು ಬೂಟ್ ಒಂದೂಕಾಲು ನಿಮಿಷಕ್ಕೆ ಇಳಿಯಿತು, ಹೊಸ ನಿಯಮದ ನಂತರ ಮತ್ತೆ ಒಂದು ನಿಮಿಷದೊಳಗೆ ಬಂದಿದೆ. ಚೀಟಿ ತಡವಾಗುತ್ತಿಲ್ಲ. ಹಳೆಯ ಗಣಕವನ್ನು ಕ್ಯಾಬಿನ್‌ನಿಂದ ಒಳಗಿನ ಕಚೇರಿಗೆ ವರ್ಗಾಯಿಸಿ, ಅದರ ಜಾಗಕ್ಕೆ ಟಿಪಿಎಂ 2.0 ಇರುವ ಗಣಕ ಬೇಕೆಂದು ಕಾರ್ಖಾನೆಗೆ ಬರೆದುಕೊಟ್ಟಿದ್ದೇನೆ.