ಇಎಸ್‌ಐ 91 ದಿನ ಮುಗಿದ ಮೇಲೆ ಮುಂದೇನು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯವರು ಕಲಬುರಗಿಯ ಕಪನೂರಿನಲ್ಲಿ ಬೇಳೆ ಮಿಲ್‌ಗೆ ಹೋಗ್ತಿದ್ದರು, 11 ವರ್ಷ ಆಯ್ತು. ಎರಡೂವರೆ ತಿಂಗಳ ಹಿಂದೆ ಮನೆಯಲ್ಲೇ ಲಕ್ವಾ ಹೊಡೀತು. ಬಲಗೈ ಏಳೋದಿಲ್ಲ, ರೊಟ್ಟಿ ಮುರಿದುಕೊಡೋಕೂ ನಾನೇ ಬೇಕು. ಸಂಬಳ 15,000. ಇಎಸ್‌ಐ (ನೌಕರರ ರಾಜ್ಯ ವಿಮೆ)ಯಿಂದ ದಿನಕ್ಕೆ 350 ಬರ್ತಿದೆ, 91 ದಿನಕ್ಕೆ ನಿಲ್ಲುತ್ತದಂತೆ. ಮಿಲ್‌ನವರು ರಾಜೀನಾಮೆ ಪತ್ರ ಟೈಪ್ ಮಾಡಿಸಿ ಇಂಕ್ ಪ್ಯಾಡ್ ಸಮೇತ ಮನೆಗೆ ಕಳಿಸಿದ್ದಾರೆ. ಹೆಬ್ಬೆಟ್ಟು ಒತ್ತಿದರೆ ಪೆನ್ಷನ್ ಬೇಗ ಆಗುತ್ತೆ ಅಂತಾರೆ. ಒತ್ತಲಾ?

ಉತ್ತರ: ಬೇಡ ತಂಗಿ. ಆ ಪತ್ರ ಹಾಗೇ ಎತ್ತಿಡಿ. 20 ವರ್ಷದಿಂದ ಪಿಎಫ್, ಇಎಸ್‌ಐ ಕೆಲಸ ಮಾಡ್ತಿದ್ದೇನೆ. ಇಂಥ ಹೆಬ್ಬೆಟ್ಟಿನಿಂದ ಹಾಳಾದ ಮನೆಗಳನ್ನು ಕಂಡಿದ್ದೇನೆ, ಅದಕ್ಕೇ ಮೊದಲು ಇದನ್ನೇ ಹೇಳ್ತಿದ್ದೇನೆ.

91 ದಿನಕ್ಕೆ ನಿಲ್ಲೋದು ಸಾಮಾನ್ಯ ಕಾಯಿಲೆ ಭತ್ಯೆ. ಇಎಸ್‌ಐನಲ್ಲಿ 34 ದೀರ್ಘ ಕಾಯಿಲೆಗಳ ಪಟ್ಟಿ ಇದೆ, ಒಂದು ಪಕ್ಕ ಬಿದ್ದುಹೋಗೋ ಲಕ್ವಾ ಅದರಲ್ಲಿದೆ. ಅಂಥವರಿಗೆ ವಿಸ್ತರಿತ ಭತ್ಯೆ ಸಿಗುತ್ತೆ. ದಿನಗೂಲಿಯ ಶೇ. 70ರ ಬದಲು ಶೇ. 80, ಅಂದ್ರೆ ದಿನಕ್ಕೆ 400. ಎರಡು ವರ್ಷದ ತನಕ ಮುಂದುವರಿಸಬಹುದು. ಎರಡು ವರ್ಷ ಸತತ ಕೆಲಸ, ಅದರಲ್ಲಿ 156 ದಿನದ ವಂತಿಗೆ ಇರಬೇಕು. ನಿಮಗೆ ಧಾರಾಳವಾಗಿ ಇದೆ. ಇದು ತಾನಾಗೇ ಶುರುವಾಗೋದಿಲ್ಲ. 91ನೇ ದಿನ ಬರೋ ಮುಂಚೆ ಇಎಸ್‌ಐ ಡಾಕ್ಟರ್ ಹತ್ತಿರ ಹೋಗಿ, ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿ ಬರೆಸಿ. ಸುಮ್ನೆ "ನಿಶ್ಶಕ್ತಿ" ಅಂತ ಬರೆದಿದ್ದರೆ ಅಲ್ಲೇ ಕೇಳಿ ತಿದ್ದಿಸಿಕೊಳ್ಳಿ.

ಪೆನ್ಷನ್ ವಿಷಯ ಬೇರೆ. ಲಕ್ವಾ ಹೊಡೆದದ್ದು ಮನೆಯಲ್ಲಿ, ಕೆಲಸದಿಂದ ಆದ ಪೆಟ್ಟಲ್ಲ. ಹಾಗಾಗಿ ಇಎಸ್‌ಐನಿಂದ ಅಂಗವೈಕಲ್ಯ ಪೆನ್ಷನ್ ಇಲ್ಲ. ಅದು ಸಿಗೋದು ಪಿಎಫ್‌ನವರ 1995ರ ಪೆನ್ಷನ್ ಯೋಜನೆಯಲ್ಲಿ. ಅಲ್ಲಿ ಎಲ್ಲಿ ಬಿದ್ದರು ಅಂತ ನೋಡೋದಿಲ್ಲ. ಆದರೆ ನೌಕರಿಯಲ್ಲಿದ್ದಾಗಲೇ ಪೂರ್ತಿ, ಶಾಶ್ವತವಾಗಿ ಕೈಲಾಗದಂತಾಗಿರಬೇಕು. ಈಗಲೇ ರಾಜೀನಾಮೆ ಕೊಟ್ಟರೆ "ಬಿಟ್ಟ ಮೇಲೆ ಹೀಗಾಯ್ತು" ಅನ್ನೋ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ, ಅಲ್ವಾ?

ಅರ್ಜಿ 10-ಡಿ. ಪಿಎಫ್ ಕಚೇರಿ ಹೇಳಿದ ಮೆಡಿಕಲ್ ಬೋರ್ಡ್ ಮುಂದೆ ಹಾಜರಾಗಬೇಕು. ಮಾಮೂಲಿ ಪೆನ್ಷನ್‌ಗೆ ಇರೋ 10 ವರ್ಷ ಸೇವೆಯ ಷರತ್ತು ವೈಕಲ್ಯಕ್ಕಿಲ್ಲ, ಒಂದು ತಿಂಗಳ ವಂತಿಗೆ ಇದ್ದರೂ ಸಾಕು. ಕೊನೆಯ 60 ತಿಂಗಳ ಸರಾಸರಿ ಸಂಬಳ 14,000 ಅಂತಿಟ್ಟುಕೊಳ್ಳಿ. 14,000 ಗುಣಿಸು ಸೇವೆಯ 11 ವರ್ಷ, ಭಾಗಿಸು ಯೋಜನೆಯ ಸೂತ್ರದ 70: ತಿಂಗಳಿಗೆ 2,200. ಕಡಿಮೆಯೇ. ಅದಕ್ಕೇ 400 ಬರೋ ದಿನಗಳನ್ನು ಪೂರ್ತಿ ಬಳಸಿಕೊಳ್ಳಿ, ಫಿಸಿಯೋಥೆರಪಿ ಬಿಡಬೇಡಿ. ಕೈ ಸುಧಾರಿಸಿದರೆ ಅದಕ್ಕಿಂತ ಒಳ್ಳೇದಿಲ್ಲ.

ಇನ್ನೊಬ್ಬರ ಪ್ರಶ್ನೆ: ನನ್ನ ತಮ್ಮನದು ಮಷಿನ್‌ಗೆ ಸಿಕ್ಕಿ ಎರಡು ಬೆರಳು ಹೋದವು. ಅವನಿಗೂ ಇದೇನಾ?

ಉತ್ತರ: ಇಲ್ಲ ಅಣ್ಣಾ, ಅವರದು ಕೆಲಸದ ಅಪಘಾತ. ಗಾಯ ಮಾಯೋ ತನಕ ಶೇ. 90 ಬರುತ್ತೆ, ಕೆಲಸಕ್ಕೆ ಸೇರಿ ಒಂದೇ ದಿನ ಆಗಿದ್ದರೂ ಸರಿ. ಆಮೇಲೆ ಇಎಸ್‌ಐ ಮೆಡಿಕಲ್ ಬೋರ್ಡ್ ದುಡಿಮೆ ಶಕ್ತಿ ಎಷ್ಟು ಹೋಯ್ತು ಅಂತ ನಿರ್ಧರಿಸುತ್ತೆ. ಒಂದೇ ಕೈಯ ಎರಡು ಬೆರಳಿಗೆ ಶೇ. 20. ದಿನಗೂಲಿ 500 ಇದ್ದರೆ 450ರಲ್ಲಿ ಶೇ. 20, ದಿನಕ್ಕೆ 90, ಬದುಕಿರೋ ತನಕ. ಬೇರೆ ಕೆಲಸ ಮಾಡಿದರೂ ನಿಲ್ಲೋದಿಲ್ಲ. ಮಾಲೀಕರು ಅಪಘಾತ ವರದಿ ಕೊಟ್ಟಿದ್ದಾರಾ, ಇವತ್ತೇ ನೋಡಿ.

ಪ್ರಶ್ನೆ: ಸರ್, ಲಕ್ವಾ ಹೊಡೆದ ನಮ್ಮ ಮನೆಯವರಿಗೆ ಸಹಿ ಬರೋದಿಲ್ಲ. 10-ಡಿಗೆ ಏನು ಮಾಡೋದು?

ಉತ್ತರ: ಎಡಗೈ ಹೆಬ್ಬೆಟ್ಟು ನಡೆಯುತ್ತೆ ತಂಗಿ. ಬೋರ್ಡ್‌ಗೆ ಕರೆದಾಗ ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಚೀಟಿ ಎರಡೂ ಜೊತೆಗಿರಲಿ.