ಓದುಗರ ಸ್ಪಂದನ: ಗಂಜಿಗೆ ಯಾವತ್ತೂ ಉಪ್ಪು ಕಮ್ಮಿ

ಕಳೆದ ಸಂಚಿಕೆಯಲ್ಲಿ ಮಂಗಳೂರು ಕುಲಶೇಖರದ ಓದುಗರೊಬ್ಬರು ಬರೆದಿದ್ದರು. ಅತ್ತೆ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದು ನಾಲ್ಕು ವರ್ಷ. ಸ್ನಾನ, ಊಟ, ಬೆಡ್‌ಪ್ಯಾನ್ ಎಲ್ಲ ಇವರದ್ದೇ. ಅತ್ತೆಯ ಬಾಯಲ್ಲಿ ಮಾತ್ರ ದುಬೈಯಲ್ಲಿರುವ ಕಿರಿಮಗನ ಹೊಗಳಿಕೆ. ಇವರಿಗೆ ಸಿಗುವುದು "ಗಂಜಿಗೆ ಉಪ್ಪು ಕಮ್ಮಿ" ಅನ್ನುವ ಮಾತು. "ಪ್ರತಿಫಲ ಬಯಸಬೇಡಿ ಅಂತ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೇಳಿ ಬರುತ್ತೇನೆ, ಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ. ನನ್ನ ಸೇವೆ ಬರೀ ನಾಟಕವಾ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಉಡುಪಿಯಲ್ಲಿ 31 ವರ್ಷ ನರ್ಸ್ ಆಗಿದ್ದೆ. ಮೊದಲು ಒಂದು ಪ್ರಶ್ನೆ. ಅತ್ತೆಯ ಬೆನ್ನಲ್ಲಿ ಹುಣ್ಣಾಗಿದೆಯಾ? ನೀವು ಬರೆದಿಲ್ಲ, ಆಗಿಲ್ಲ ಅಂದುಕೊಳ್ಳುತ್ತೇನೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ಕೂಡಲೇ ತೆಗೆಯಬೇಕು. ಇಲ್ಲದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಮೊದಲು ಕೆಂಪಾಗುತ್ತದೆ, ಆಮೇಲೆ ಚರ್ಮವೇ ಎದ್ದು ಬರುತ್ತದೆ. ನಾಲ್ಕು ವರ್ಷ ಹಾಗೆ ಆಗದಂತೆ ನೋಡಿಕೊಂಡವರು ನಾಟಕ ಮಾಡುತ್ತಿಲ್ಲ. ಪಾತ್ರೆ ಕುಕ್ಕಿ, ಪರವಾಗಿಲ್ಲ. ರೋಗಿಯ ಸಿಟ್ಟು ಬೀಳುವುದೇ ಹತ್ತಿರ ಇದ್ದವರ ಮೇಲೆ. ಡಾಕ್ಟರ್ ರೌಂಡ್ಸಿಗೆ ಬಂದರೆ ನಗುತ್ತಾರೆ, ಬೆಡ್‌ಪ್ಯಾನ್ ತಂದವಳಿಗೆ ಬೈಯುತ್ತಾರೆ. ಇನ್ನು ಉಪ್ಪಿನ ವಿಷಯ. ಬಿಪಿಗಾಗಿ ಕಮ್ಮಿ ಮಾಡಿದ್ದರೆ ಅದನ್ನು ನೀವು ಹೇಳಲು ಹೋಗಬೇಡಿ, ಡಾಕ್ಟರ ಬಾಯಿಂದಲೇ ಹೇಳಿಸಿ. ಸೊಸೆ ಹೇಳಿದರೆ ಅದು ಜಿಪುಣತನ ಆಗುತ್ತದೆ.
— ನಿವೃತ್ತ ನರ್ಸ್, ಉಡುಪಿ

ಲೂಕನ ಸುವಾರ್ತೆಯ 17ನೇ ಅಧ್ಯಾಯ ತೆಗೆದು ನೋಡಿ ಸಹೋದರಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬನೇ. ಅವನೂ ಸಮಾರ್ಯದವನು, ಪರಕೀಯ. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದರು. ಅಂದರೆ ಅವರೂ ಲೆಕ್ಕ ನೋಡಿದ್ದರು, ಅಲ್ವಾ? ಹಾಗಾಗಿ ನಿಮಗೆ ಬೇಸರ ಆದದ್ದು ಪಾಪ ಅಂತ ನನಗೆ ಅನಿಸುವುದಿಲ್ಲ. ಆದರೆ ಆ ಒಂಬತ್ತು ಮಂದಿಗೆ ರೋಗ ಮತ್ತೆ ಬಂತು ಅಂತ ಎಲ್ಲೂ ಬರೆದಿಲ್ಲ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ನಮ್ಮ ಕಂಕನಾಡಿಯಲ್ಲೇ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮದ್ದು ತೆಗೆದುಕೊಂಡು ಹೋದವರಲ್ಲಿ ಎಷ್ಟು ಮಂದಿ ತಿರುಗಿ ನೋಡಿರಬಹುದು?
— ಭಾನುವಾರ ಶಾಲೆಯ ಶಿಕ್ಷಕ, ಬಲ್ಮಠ

ಕ್ಷಮಿಸಿ, ನನಗೆ ಬೇರೆಯೇ ಅನಿಸುತ್ತದೆ. ಇಡೀ ಪತ್ರದಲ್ಲಿ ನಿಮ್ಮ ಗಂಡ ಎಲ್ಲೂ ಇಲ್ಲ! ಅವರ ತಾಯಿ ತಾನೇ? ಒಂದು ಮಗ್ಗುಲು ಅವರೂ ತಿರುಗಿಸಲಿ. ದುಬೈಯವರು ಹೋಮ್ ನರ್ಸಿನ ಸಂಬಳ ಕಳುಹಿಸಲಿ. ಸೇವೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ನಮಗೆ ಯಾರು ಕಲಿಸಿದ್ದೋ ಏನೋ. ಬೈಬಲಿನ ಮಾರ್ತಾ ತನ್ನ ಮನೆಗೆ ಬಂದ ಯೇಸುವಿನ ಎದುರೇ ನಿಂತು, ತಂಗಿ ನನ್ನೊಬ್ಬಳ ಮೇಲೆ ಕೆಲಸ ಬಿಟ್ಟಿದ್ದಾಳೆ ಅಂತ ದೂರಿದಳು. ಅವಳಿಗೆ ಸಿಕ್ಕ ಉತ್ತರ ಅವಳಿಗೆ ಹಿಡಿಸದೆ ಇರಬಹುದು, ಆ ಮಾತು ಬೇರೆ. ಹೇಳಿದಳಲ್ಲ! ನೀವೂ ಹೇಳಿ.
— ಗೃಹಿಣಿ, ಕಲ್ಯಾಣಪುರ

ನಮ್ಮ ಕೊಂಕಣಿಯಲ್ಲಿ ಉಪಕಾರ ಮಾಡಿದವರಿಗೆ "ದೇವ್ ಬರೆಂ ಕರುಂ" ಅನ್ನುತ್ತೇವೆ. ದೇವರು ಒಳ್ಳೆಯದು ಮಾಡಲಿ ಅಂತ. ಸಾಲ ತೀರಿಸುವ ಕೆಲಸವನ್ನು ದೇವರಿಗೆ ದಾಟಿಸುವುದು! ಅದನ್ನೂ ನಮ್ಮ ಅಜ್ಜಿ ಹೊರಗಿನವರಿಗೆ ಮಾತ್ರ ಹೇಳುತ್ತಿದ್ದರು. ಮನೆಯವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟಿದ ದಿನದ ತೆನೆ ಹಬ್ಬಕ್ಕೆ, ಇಗರ್ಜಿಯಿಂದ ಹೊಸ ತೆನೆ ತಂದರೆ ಅಜ್ಜಿ ಮೊದಲು ಮುಂಬೈಯ ಮಗನಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ, ಕವರಿಗೆ ಹಾಕಿ, ಅಂಚೆಗೆ ಕೊಡಿಸುತ್ತಿದ್ದರು. ನನ್ನ ಅಮ್ಮ ಒಳಗೆ ಪಾಯಸಕ್ಕೆ ತೆಂಗಿನಕಾಯಿ ತುರಿಯುತ್ತಾ ಇದನ್ನೆಲ್ಲ ನೋಡಿ ಮುಖ ಊದಿಸುತ್ತಿದ್ದಳು. ಅಲ್ಲಿಲ್ಲದವನ ಪಾಲು ತೆಗೆದಿಡಬೇಕಾಗುತ್ತದೆ, ಮಾರಾಯ್ರೆ. ಅಮ್ಮನ ಪಾಲು ಅಲ್ಲೇ ಬಟ್ಟಲಲ್ಲಿ ಇತ್ತಲ್ಲ. ಇದು ನನಗೆ ಹೊಳೆದದ್ದು ಅಜ್ಜಿ ಹೋದ ಎಷ್ಟೋ ವರ್ಷದ ಮೇಲೆ. ಅಮ್ಮನಿಗೆ ಹೇಳಿದೆ. "ಇರಬಹುದು, ಆದರೂ ಒಂದು ಮಾತು ಹೇಳಬಹುದಿತ್ತು" ಅಂದಳು. ಅವಳು ಹೇಳಿದ್ದೂ ಸರಿಯೇ.
— ಕೃಷಿಕ, ಶಿರ್ವ

ಅಕ್ಕಾ, ನನ್ನ ಮನೆ ಕುಲಶೇಖರಕ್ಕೆ ಹತ್ತಿರವೇ. ಉಪದೇಶ ನನಗೆ ಬರುವುದಿಲ್ಲ. ಗುರುವಾರ ಮಧ್ಯಾಹ್ನ ಮೂರರಿಂದ ಐದು ನಾನು ಬಂದು ಅತ್ತೆಯ ಹತ್ತಿರ ಕೂರುತ್ತೇನೆ, ಮಗ್ಗುಲು ತಿರುಗಿಸಲು ಗೊತ್ತಿದೆ, ನನ್ನ ತಾಯಿಗೂ ಮಾಡಿದ್ದೇನೆ. ನೀವು ಸುಮ್ನೆ ಹೊರಗೆ ಹೋಗಿ ಬನ್ನಿ. ಫೋನ್ ನಂಬರ್ ಪತ್ರಿಕೆಯವರಲ್ಲಿ ಕೊಟ್ಟಿದ್ದೇನೆ. ದುಬೈ ಮಗನ ಕತೆ ಎಷ್ಟು ಸಲ ಹೇಳಿದರೂ ಕೇಳುತ್ತೇನೆ, ನನಗೆ ಅದು ಹೊಸತಲ್ವಾ.
— ಮಂಗಳೂರಿನ ಓದುಗಳು