ಅಪ್‌ಡೇಟ್: ಸೀಕ್ವೆನ್ಸರ್‌ನಲ್ಲಿ ಕಿಕ್ ತಪ್ಪುತ್ತಿದ್ದದ್ದು ಸರಿಹೋಯಿತು
ಸೀಕ್ವೆನ್ಸರ್‌ನಲ್ಲಿ (ತಾಳವನ್ನು ಸ್ಟೆಪ್ ಸ್ಟೆಪ್ ಆಗಿ ನುಡಿಸುವ ಸಾಧನ) ಅಕ್ಕಪಕ್ಕದ ಎರಡು ಸ್ಟೆಪ್ ಆನ್ ಮಾಡಿದರೆ ಅನಲಾಗ್ ಕಿಕ್ (ಬಾಸ್ ಡ್ರಮ್ ಸದ್ದು ಕೊಡುವ ಮಾಡ್ಯೂಲ್) ಮೊದಲನೆಯದಕ್ಕೆ ಮಾತ್ರ ಬಡಿಯುತ್ತದೆ, ಎರಡನೆಯದು ಬರುವುದೇ ಇಲ್ಲ ಅಂತ ಕೇಳಿದ್ದೆ. ಕಾರಣ ಸಿಕ್ಕಿತು! ಕೇಬಲ್ ಚೆನ್ನಾಗೇ ಇತ್ತು. ಗೇಟ್ ಲೆಂತ್, ಅಂದರೆ ಪ್ರತಿ ಸ್ಟೆಪ್‌ನಲ್ಲಿ ಡ್ರಮ್‌ಗೆ ಹೋಗುವ ವೋಲ್ಟೇಜ್ ಸಿಗ್ನಲ್ (ಗೇಟ್) ಎಷ್ಟು ಹೊತ್ತು ಆನ್ ಇರಬೇಕು ಅನ್ನೋದು, 100% ಇತ್ತು, ಅದೇ ತೊಂದರೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಹದಿನಾರನೇ ನೋಟಿನ (ಬೀಟಿನ ಕಾಲು ಭಾಗ) ಒಂದು ಸ್ಟೆಪ್ ಅಂದರೆ 125 ಮಿಲಿಸೆಕೆಂಡ್. ಅಷ್ಟೂ ಹೊತ್ತು ಗೇಟ್ 5 ವೋಲ್ಟ್‌ನಲ್ಲೇ ನಿಂತರೆ ಮುಂದಿನ ಸ್ಟೆಪ್‌ಗೆ ಮೊದಲು ಸೊನ್ನೆಗೆ ಇಳಿಯುವುದೇ ಇಲ್ಲ. ಡ್ರಮ್ ಕಾಯುವುದು ವೋಲ್ಟೇಜ್ ಏರುವ ಆ ಕ್ಷಣಕ್ಕೆ ಅಲ್ವಾ?

ಕಿಕ್‌ನ ಟ್ರ್ಯಾಕನ್ನು ಟ್ರಿಗರ್ ಮೋಡ್‌ಗೆ (ಉದ್ದ ಗೇಟ್ ಬದಲು ಚಿಕ್ಕ ಪಲ್ಸ್ ಕಳಿಸುವ ಮೋಡ್) ಹಾಕಿ ಪಲ್ಸನ್ನು 10 ಮಿಲಿಸೆಕೆಂಡ್ ಇಟ್ಟೆ. ಈಗ ಹದಿನಾರು ಸ್ಟೆಪ್‌ಗೂ ಹದಿನಾರು ಪೆಟ್ಟು, ಒಂದೂ ತಪ್ಪುವುದಿಲ್ಲ. 1 ಮಿಲಿಸೆಕೆಂಡ್‌ಗೆ ಇಳಿಸಿದಾಗ ನನ್ನ ಮಾಡ್ಯೂಲ್‌ನಲ್ಲಿ ಕಿಕ್ ಜಾಸ್ತಿ ಸಣ್ಣಗಾಯಿತು, ಅದಕ್ಕೇ 10ರಲ್ಲೇ ಬಿಟ್ಟಿದ್ದೇನೆ. ಗೇಟ್ ಲೆಂತ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.